ಎರಡನೆಯ ಬೀಗದಕೈ

ನಮ್ಮ ಖಜಾನೆಯ ಬಾಗಿಲಿಗೆ ಎರಡು ಬೀಗದಕೈ.
ಒಂದು ನನ್ನ ಸೊಂಟದಲ್ಲಿ, ಇನ್ನೊಂದು ಸಿತ್ಸೋಫೆಯ ಕೊರಳಲ್ಲಿ.
ಒಬ್ಬಳೇ ತೆರೆಯುವಂತಿಲ್ಲ, ಒಬ್ಬಳೇ ಮುಚ್ಚುವಂತಿಲ್ಲ;
ಒಂಟಿ ಕೈಯನ್ನು ಬ್ಯಾಂಕು ನಂಬುವುದಿಲ್ಲ.
ಮನೆಗಳಿಗೆ ಇಂಥ ನಿಯಮ ಬರೆಯಲು
ಯಾರೂ ಇನ್ನೂ ಪುರುಸೊತ್ತು ಮಾಡಿಕೊಂಡಿಲ್ಲ.

ಟೆಮಾ ಬಂದರಿನ ಊರು. ಬೆಳಗಿನ ಗಾಳಿಯಲ್ಲಿ ಮೀನು,
ಮಧ್ಯಾಹ್ನದ್ದರಲ್ಲಿ ಕಾರ್ಖಾನೆಯ ಹುರಿದ ಕೋಕೋ.
ಆರಿ, ಹತ್ತಿ, ಮತ್ತೆ ಆರುವ ಕರೆಂಟಿಗೆ
ದುಮ್‌ಸೋರ್ ಎಂದು, ಹಟಮಾರಿ ಮಗುವಿಗಿಟ್ಟಂತೆ,
ಹೆಸರಿಟ್ಟುಕೊಂಡ ಘಾನಾದವರು ನಾವು.

ಬಾಣಂತನದ ರಜೆ ಮುಗಿಸಿ ಸಿತ್ಸೋಫೆ ಬಂದದ್ದು ಹದಿಮೂರನೆಯ ವಾರಕ್ಕೆ.
ಗಾಜಿನ ಆಚೆ ಸರದಿ, ಈಚೆ ಅವಳ ನಗು,
ದಿನಕ್ಕೆ ಇಷ್ಟು ಪಾಲಿಸಿ ಮಾರಲೇಬೇಕೆಂಬ ಗುರಿ.
‘ಅಮ್ಮಾ, ಮಗುವಿನ ಓದಿಗೆ ಈಗಿಂದಲೇ ಕಟ್ಟಿದರೆ’
ಎನ್ನುತ್ತಿರುವಾಗಲೇ ಎದೆ ಸೋರಿ
ಸಮವಸ್ತ್ರದ ಮೇಲೆ ನಾಣ್ಯದಗಲ ಒದ್ದೆ.
ಫೈಲು ಅಡ್ಡ ಹಿಡಿದು ಎದ್ದಳು.

ಹಾಲು ಹಿಂಡಲು ಹಳೆಯ ಚೆಕ್ಕುಗಳ ಕೋಣೆ.
ವರ್ಷಗಟ್ಟಲೆ ಕಾಪಿಡಲೇಬೇಕಾದ ಕಾಗದಗಳ ನಡುವೆ
ಸಂಜೆಯೊಳಗೆ ಕೆಡಬಲ್ಲ ಒಂದು ಬಾಟಲಿ.
ಯಾರಾದರೂ ಕದ ಬಡಿದರೆ
‘ಎಣಿಸುತ್ತಿದ್ದೇನೆ’ ಅನ್ನುತ್ತಾಳೆ.
ಸುಳ್ಳೇನಲ್ಲ.

ನಾನೂ ಹೇಳಿದವಳೇ. ನನ್ನ ಯಾಯ್ರಾಗೆ
ಜ್ವರದ ಮೇಲೆ ಜ್ವರ ಬಂದ ವರ್ಷ
ಮ್ಯಾನೇಜರಿಗೆ ಟೈರು ಪಂಕ್ಚರ್ ಎಂದೆ, ಮೂರು ಸಲ.
ಟೈರಿಗೆ ಕ್ಷಮೆಯಿತ್ತು.
ನನ್ನ ಹತ್ತಿರ ಕಾರೇ ಇಲ್ಲವೆಂಬುದು
ಯಾರಿಗೂ ಹೊಳೆಯಲಿಲ್ಲ.
ಇದನ್ನು ಸಿತ್ಸೋಫೆಗೆ ಹೇಳಿದಾಗ
ನಕ್ಕಳು, ಆಮೇಲೆ ನಗಲಿಲ್ಲ.

ಅವತ್ತು ತಿಂಗಳ ಕೊನೆ. ಜನರೇಟರು ಕೌಂಟರಿಗಷ್ಟೇ,
ಅಡುಗೆಕೋಣೆಯ ಫ್ರಿಜ್ಜು ಬೆವರುತ್ತಿತ್ತು.
‘ಆಂಟಿ, ಖಜಾನೆ ತಂಪಲ್ಲವೇ?’
ಮುಖ ಆಚೆ ತಿರುಗಿಸಿದೆ; ಅದೂ ಒಂದು ರುಜು.

ಸಂಜೆ ನಲವತ್ತು ಸೆಡಿ ತಾಳೆಯಾಗಲಿಲ್ಲ.
ಎಣಿಸಿದೆವು. ಕಟ್ಟು ಬಿಚ್ಚಿ ಮತ್ತೆ ಎಣಿಸಿದೆವು.
ಆರೂವರೆ. ಏಳು.
ಅಶಾಯ್ಮನ್‌ನಿಂದ ಅವಳ ತಾಯಿ ಕರೆದ ಹಾಗೆಲ್ಲ
ದನಿ ಕಿತ್ತ ಫೋನು ಮೇಜಿನ ಮೇಲೆ
ಅಂಗಾತ ಬಿದ್ದ ಜೀರುಂಡೆಯಂತೆ ಗಿರಗಿರ ಸುತ್ತಿತು.
ಕೊನೆಗೆ ಸಿಕ್ಕವು, ಎಣಿಸುವ ಯಂತ್ರದ ಹಲ್ಲಿನಲ್ಲಿ,
ಇಪ್ಪತ್ತರ ಎರಡು ನೋಟು.
ಒಳಗಿಟ್ಟೆವು. ಅವಳ ಕೈ, ನನ್ನ ಕೈ,
ಕಾಲದ ಬೀಗ ಬೆಳಗಿನ ಏಳೂವರೆಗೆ.

ಮೆಟ್ಟಿಲಿಳಿಯುವಾಗ ಅವಳು ಚೀಲ ತಡವಿದಳು.

ದೇವರೇ ಬಂದು ನಿಂತರೂ ಹೊತ್ತಿಗೆ ಮುಂಚೆ ತೆರೆಯದ ಬಾಗಿಲದು.
ಉಕ್ಕಿಗೆ ಹಣೆ ಹಚ್ಚಿ ನಿಂತಳು. ಅಳಲಿಲ್ಲ.
‘ನಾಳೆ ಹಗಲಿಗೆ ಬೇಕಾದ ಹಾಲದು. ಇರಲಿ,
ರಾತ್ರಿ ಎದ್ದು ಮತ್ತೆ ಹಿಂಡುತ್ತೇನೆ’ ಎಂದು
ಬಡ್ಡಿದರ ಹೇಳುವ ದನಿಯಲ್ಲೇ ಹೇಳಿ
ಟ್ರೋಟ್ರೋ ಹಿಡಿಯಲು ಓಡಿದಳು,
ಒಂದು ಚಪ್ಪಲಿಯ ಪಟ್ಟಿ ಬಿಚ್ಚಿಯೇ ಇತ್ತು.

ಬೆಳಗ್ಗೆ ತೆರೆದರೆ
ನೋಟಿನ ಕಟ್ಟುಗಳ ನಡುವೆ ನೆಟ್ಟಗೆ ನಿಂತಿತ್ತು:
ಮೇಲೆ ಕೆನೆ, ಕೆಳಗೆ ನೀರು, ಮುಚ್ಚಳ ತೆಗೆದರೆ ಹುಳಿ.
ಹಣ ಮಾತ್ರ ನಿನ್ನೆಯಷ್ಟೇ ತಾಜಾ.

ಖಜಾನೆಯ ಪುಸ್ತಕ ಬಿಡಿಸಿದೆ.
ಮೂವತ್ತೊಂದು ವರ್ಷದಲ್ಲಿ
ಅದರಲ್ಲಿ ಒಂದಕ್ಷರ ಹೆಚ್ಚು ಬರೆದವಳಲ್ಲ ನಾನು.
ನಗದಿನ ಮೊತ್ತದ ಕೆಳಗೆ, ಮಸಿಯಲ್ಲಿ,
ಒಳಬಂದದ್ದು: ಹಾಲು, ಬಾಟಲಿ ಒಂದು.
ಹೊರಹೋದದ್ದು: ಸದರಿ.
ರುಜು ಹಾಕಿದೆ. ಎರಡನೆಯ ರುಜುವಿನ ಜಾಗ ಖಾಲಿ.
ಅವಳು ನನ್ನ ಮುಖವನ್ನೇ ನೋಡಿದಳು,
ಬಹಳ ಹೊತ್ತು. ಆಮೇಲೆ ಪೆನ್ನಿಗೆ ಕೈ ಚಾಚಿದಳು.

ಆಡಿಟರು ಬಂದು ಹೋದರು. ಆ ಸಾಲಿನ ಸುತ್ತ ಕೆಂಪು ವೃತ್ತ,
ಅಂಚಿನಲ್ಲಿ ಎರಡೇ ಪದ: ವಿವರಣೆ ಕೊಡಿ.
ಹದಿನಾಲ್ಕು ದಿನದ ಗಡುವು, ಇವತ್ತು ಹನ್ನೊಂದನೆಯದು.
ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ.
ಗಾಜಿನ ಹಿಂದಿನಿಂದ, ಯಾರದೋ ನೋಟು ಎಣಿಸುತ್ತಲೇ,
ತಲೆಯೆತ್ತದೆ ಸಿತ್ಸೋಫೆ ಹೇಳುತ್ತಾಳೆ:
ಪಂಕ್ಚರ್ ಅಂತ ಬರೆದುಬಿಡಿ, ಆಂಟಿ.